ಫ್ಯಾಂಟಸಿ ನಾಯಕನಿಗೆ ಮೊದಲು ಒಂದು ಮನೆ ಕಟ್ಟಿ: ಬಾಲ್ಯ, ಮನೆತನ ಬರೆಯುವ ಹಂತಗಳು

ಫ್ಯಾಂಟಸಿ ಬರೆಯಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ನಾಯಕ ರೆಡಿ, ಕತ್ತಿ ರೆಡಿ, ಖಳನೂ ರೆಡಿ. ಆದರೆ ನಾಯಕನ ಬಾಲ್ಯ, ಅಪ್ಪ-ಅಮ್ಮ, ಮನೆತನ ಇದನ್ನೆಲ್ಲ ಹೇಗೆ ಬರೆಯೋದು?" ಕೇಳುವವರಲ್ಲಿ ಸುಮಾರು ಜನ ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರೇ. ಅವರ ನಾಯಕ ಮಾತ್ರ ಹಿಮ ಬೀಳುವ ಊರಿನಲ್ಲಿ ಹುಟ್ಟಿರುತ್ತಾನೆ. ಮೊದಲ ಪುಟದಲ್ಲಿ ಊರು ಸುಟ್ಟುಹೋಗುತ್ತದೆ. ಎರಡನೇ ಪುಟದಲ್ಲಿ ಬಿಳಿ ಗಡ್ಡದ ಮುದುಕ ಬಂದು ಹುಡುಗನ ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ಮನೆತನದ ವಿಷಯ ಅಲ್ಲಿಗೆ ಮುಗಿಯಿತು.

ಓದುಗರಿಗೆ ಆ ಊರು ಸುಟ್ಟರೆಷ್ಟು, ಬಿಟ್ಟರೆಷ್ಟು? ಅಲ್ಲಿ ಅವರು ಒಂದು ಹೊತ್ತು ಊಟ ಮಾಡಿಲ್ಲ, ಒಂದು ರಾತ್ರಿ ಮಲಗಿಲ್ಲ.

ಎರಡು ಪದ ಮೊದಲೇ ಬಿಡಿಸಿಡೋಣ. ಮಾಟ, ಮಂತ್ರ, ಅದ್ಭುತಗಳು ನಿಜವಾಗಿಯೇ ನಡೆಯುವ ಲೋಕದ ಕಥೆ ಫ್ಯಾಂಟಸಿ. ಕಥೆ ಶುರುವಾಗುವ ಮೊದಲೇ ನಾಯಕನಿಗೂ ಅವನ ಮನೆಯವರಿಗೂ ಆಗಿಹೋದದ್ದು ಬ್ಯಾಕ್‌ಸ್ಟೋರಿ. ಈ ಲೇಖನ ಪೂರ್ತಿ ಬ್ಯಾಕ್‌ಸ್ಟೋರಿ ಬಗ್ಗೆ.

ನನ್ನ ಅಭಿಪ್ರಾಯ ಇಷ್ಟು: ಪ್ರತಿ ಮನೆಯಲ್ಲೂ ತೀರದೆ ಉಳಿದ ಒಂದು ಬಾಕಿ ಇರುತ್ತದೆ. ನಾಯಕ ಆ ಬಾಕಿಯ ಜೊತೆಗೇ ಹುಟ್ಟಬೇಕು. ಬಾಕಿ ಯಾವುದು ಅಂತ ಗೊತ್ತಾದರೆ ಬಾಲ್ಯದಲ್ಲಿ ಏನು ಬರೆಯಬೇಕು, ಏನು ಬಿಡಬೇಕು ಎಂಬ ತಲೆನೋವು ಅರ್ಧ ಕಡಿಮೆಯಾಗುತ್ತದೆ.

ಏನೇನು ಬೇಕು

ಒಂದು ನೋಟ್‌ಬುಕ್ ಬೇಕು. ಕಂಪ್ಯೂಟರ್ ಆಮೇಲೆ ಸಾಕು. ವಂಶಾವಳಿಗೆ ಗೆರೆ ಎಳೆಯಬೇಕು, ಹೊಡೆದುಹಾಕಬೇಕು, ಪಕ್ಕದಲ್ಲಿ ಗೀಚಬೇಕು. ಇದಕ್ಕೆಲ್ಲ ಕಾಗದವೇ ಸಲೀಸು.

ಎಪ್ಪತ್ತು ದಾಟಿದ ಒಬ್ಬರು ಬೇಕು. ನಿಮ್ಮ ಅಜ್ಜಿಯೇ ಆಗಬೇಕೆಂದಿಲ್ಲ, ಪಕ್ಕದ ಮನೆಯವರಾದರೂ ಸೈ. "ನಿಮ್ಮ ಬಾಲ್ಯ ಹೇಗಿತ್ತು" ಎಂದು ಕೇಳಬೇಡಿ. ಹಾಗೆ ಕೇಳಿದರೆ "ಕಷ್ಟ ಇತ್ತು ಮಾರಾಯ" ಎಂದು ಮುಗಿಸಿಬಿಡುತ್ತಾರೆ. "ನಿಮ್ಮನೇಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ರು, ಯಾಕೆ?" ಎಂದು ಕೇಳಿ. ಒಂದು ಸಂಜೆಗೆ ಸಾಕಾಗುವಷ್ಟು ಸರಕು ಸಿಗುತ್ತದೆ.

ಆಮೇಲೆ ಒಂದು ವೀರಗಲ್ಲನ್ನು, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲನ್ನು, ಹತ್ತಿರದಿಂದ ನೋಡಿ ಬನ್ನಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಆವರಣದಲ್ಲಿವೆ. ಬಳ್ಳಿಗಾವಿ ಕಡೆ ಹೋದರೆ ಅಲ್ಲೂ ಸಿಗುತ್ತವೆ. ಯಾಕೆ ನೋಡಬೇಕು ಎಂಬುದು ಮೂರನೇ ಹಂತದಲ್ಲಿ ಬರುತ್ತದೆ.

ವಿವರಿಸಲು ಅನುಕೂಲವಾಗಲಿ ಎಂದು ಒಂದು ಉದಾಹರಣೆಯನ್ನು ಉದ್ದಕ್ಕೂ ಬಳಸುತ್ತೇನೆ. ನಾಯಕಿಯ ಹೆಸರು ಬೊಮ್ಮಿ. ಅವಳ ನಾಡು ಹೆಮ್ಮಳೆ ಸೀಮೆ. ಎರಡೂ ಈ ಲೇಖನಕ್ಕಾಗಿ ಕಟ್ಟಿದ್ದು.

1. ಮನೆ ಮತ್ತು ಹೊಟ್ಟೆಪಾಡು

ಮೊದಲ ಪ್ರಶ್ನೆ: ಈ ಮನೆಯವರು ಏನು ಮಾಡಿ ಅನ್ನ ತಿನ್ನುತ್ತಾರೆ? ನಾಯಕನ ಶಕ್ತಿ, ಭವಿಷ್ಯವಾಣಿ, ಮಚ್ಚೆ, ಉಂಗುರ ಎಲ್ಲ ಆಮೇಲೆ.

"ರೈತರು" ಎಂದು ಬರೆದು ಮುಂದೆ ಹೋಗಬೇಡಿ. ಗದ್ದೆಯೋ ತೋಟವೋ? ಸ್ವಂತದ್ದೋ ಗೇಣಿಯದೋ? ಸೊಪ್ಪಿನ ಬೆಟ್ಟ ಎಷ್ಟು ದೂರ? ಮಳೆಗಾಲಕ್ಕೆ ಸೌದೆ ಎಲ್ಲಿ ಪೇರಿಸುತ್ತಾರೆ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಕಡೆ ಮನೆಯ ಮಾಡು, ಒಲೆ, ಕೊಟ್ಟಿಗೆ, ಜನರ ಮಾತು ಎಲ್ಲವನ್ನೂ ಮಳೆಯೇ ನಿರ್ಧರಿಸುತ್ತದೆ. ಕಾಲವನ್ನು ಮಳೆಯ ಹೆಸರಿನಿಂದಲೇ ಹೇಳುತ್ತಾರೆ. "ಆರಿದ್ರಾ ಮಳೆ ಹಿಡಿದ ಮಾರನೇ ದಿನ ಅಣ್ಣ ಮನೆ ಬಿಟ್ಟ" ಎಂದು ಬರೆದರೆ ತಿಂಗಳು, ತಾರೀಕು ಬೇಕಾಗುವುದಿಲ್ಲ. ನಿಮ್ಮದು ಬೇರೆ ಲೋಕವಾದರೆ ಮಳೆಗಳಿಗೆ ನೀವೇ ಹೆಸರು ಕೊಡಿ. ಕ್ರಮ ಮಾತ್ರ ಇದೇ ಇರಲಿ.

ಹೊಟ್ಟೆಪಾಡು ಮುಖ್ಯ, ಯಾಕೆಂದರೆ ನಾಯಕನ ಕೈಗೆ ಬರುವ ಕಸುಬು ಅಲ್ಲಿಂದಲೇ ಬರಬೇಕು. ಬೊಮ್ಮಿಯ ಅಪ್ಪ ಕೊನೆಗಾರ, ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವನು. ಕೊನೆಗಾರ ಕೆಲಸ ಮಾಡುವುದನ್ನು ನೋಡಿದ್ದೀರಲ್ಲ? ಕಾಲಿಗೆ ಹಗ್ಗದ ಬಳೆ ಸಿಕ್ಕಿಸಿಕೊಂಡು ಒಂದು ಮರ ಹತ್ತುತ್ತಾನೆ. ಆ ಮರದ ಗೊನೆ ಇಳಿಸಿದ ಮೇಲೆ ಕೆಳಗೆ ಇಳಿಯುವುದಿಲ್ಲ. ಮರವನ್ನೇ ತೂಗಿ ಬಾಗಿಸಿ, ಪಕ್ಕದ ಮರದ ತಲೆ ಹಿಡಿದು ಅದಕ್ಕೆ ದಾಟಿಕೊಳ್ಳುತ್ತಾನೆ. ಕೆಳಗೆ ಒಬ್ಬರು ಹಗ್ಗ ಹಿಡಿದು ನಿಂತು ಜಾರಿ ಬರುವ ಗೊನೆ ಇಳಿಸಿಕೊಳ್ಳುತ್ತಾರೆ. ಬೊಮ್ಮಿ ಚಿಕ್ಕಂದಿನಿಂದ ಆ ಹಗ್ಗ ಹಿಡಿದವಳು. ಯಾವ ಮರ ಬಾಗುತ್ತದೆ, ಯಾವುದು ಮುರಿಯುತ್ತದೆ ಎಂದು ಸದ್ದು ಕೇಳಿ ಹೇಳುತ್ತಾಳೆ. ಇಪ್ಪತ್ತನೇ ಅಧ್ಯಾಯದಲ್ಲಿ ಅವಳು ಕಂದಕ ದಾಟಬೇಕಾಗಿ ಬಂದರೆ ಮಂತ್ರ ಬೇಕಿಲ್ಲ, ಗುರು ಬೇಕಿಲ್ಲ. ಓದುಗರಿಗೆ ಅದು ಮೊದಲೇ ಗೊತ್ತಿದೆ.

ಈ ಉಪಾಯ ಹೊಸದೇನೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಐದನೇ ಶತಮಾನದ್ದು, ಕುಬ್ಜ ಎಂಬ ಕವಿ ಬರೆದದ್ದು. ಕದಂಬರ ಮಯೂರಶರ್ಮನ ಮೊದಲ ದಿನಗಳ ಕಥೆ ಅದರಲ್ಲಿದೆ. ಮಯೂರಶರ್ಮ ಓದಲೆಂದು ಕಂಚಿಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ ಅವಮಾನವಾಗುತ್ತದೆ. ಆಗ ಅವನು ಕತ್ತಿ ಹಿಡಿಯುತ್ತಾನೆ. ಕವಿ ಅಲ್ಲಿ "ಅವನು ಮಹಾಶೂರ" ಎಂದು ಹೇಳಿ ಸುಮ್ಮನಾಗುವುದಿಲ್ಲ. ದರ್ಭೆ, ಸಮಿತ್ತು, ತುಪ್ಪ, ಹೋಮದ ಸೌಟು ಹಿಡಿದು ಪಳಗಿದ ಕೈ ಕತ್ತಿಯನ್ನು ಎಳೆಯಿತು ಎನ್ನುತ್ತಾನೆ. ಒಂದೇ ಮಾತಿನಲ್ಲಿ ಮನೆ, ಕಸುಬು, ಬಾಲ್ಯ, ಸಿಟ್ಟು ನಾಲ್ಕೂ ಬಂದವು.

ಎಡವುವ ಜಾಗ: ಕಸುಬನ್ನು ಅಲಂಕಾರಕ್ಕೆ ಇಡುವುದು. ಕಮ್ಮಾರನ ಮಗ ಎನ್ನುತ್ತೀರಿ, ಇಡೀ ಕಾದಂಬರಿಯಲ್ಲಿ ಅವನು ಒಮ್ಮೆಯೂ ಕತ್ತಿಯ ಹದ ನೋಡುವುದಿಲ್ಲ. ಹಾಗಿದ್ದರೆ ಅವನು ಕಮ್ಮಾರನ ಮಗ ಆಗುವುದೇ ಬೇಡ.

2. ಮೂರು ತಲೆಮಾರು, ಎರಡು ಮನೆ

ಈಗ ವಂಶಾವಳಿ ಬಿಡಿಸಿ. ಮೂರು ತಲೆಮಾರು ಸಾಕು: ನಾಯಕ, ಅಪ್ಪ-ಅಮ್ಮ, ಅಜ್ಜ-ಅಜ್ಜಿಯರು. ಹನ್ನೆರಡು ತಲೆಮಾರಿನ ರಾಜರ ಪಟ್ಟಿ ಮಾಡಿದರೆ ನಿಮಗೆ ಖುಷಿಯಾಗುತ್ತದೆ, ಓದುಗರು ಪುಟ ತಿರುಗಿಸುತ್ತಾರೆ. ಪ್ರತಿ ಹೆಸರಿನ ಮುಂದೆ ಎರಡೇ ವಿಷಯ ಬರೆಯಿರಿ. ಇವರಿಂದ ಮಗುವಿಗೆ ಏನು ಬಂತು? ಇವರು ಮಗುವಿನಿಂದ ಏನು ಮುಚ್ಚಿಟ್ಟರು?

ಹೆಚ್ಚಿನವರು ಮರೆಯುವ ಸಂಗತಿ ಒಂದಿದೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಅಂದರೆ ಮಗು ಹುಟ್ಟುವುದು ಅಜ್ಜಿ ಮನೆಯಲ್ಲಿ, ಬೆಳೆಯುವುದು ಅಪ್ಪನ ಮನೆಯಲ್ಲಿ. ಪ್ರತಿ ಮಗುವಿಗೂ ಎರಡು ಮನೆ, ಎರಡು ದೇವರು, ಎರಡು ಬಗೆಯ ಸಾರು. ಬೇಸಿಗೆ ರಜೆಯಲ್ಲಿ ಆ ಮನೆಯ ಕಥೆ, ಉಳಿದ ದಿನ ಈ ಮನೆಯ ಕಥೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಅಪ್ಪನ ಮನೆಯಲ್ಲಿ ವೀರ ಎನಿಸಿಕೊಂಡ ಅಜ್ಜ ಅಮ್ಮನ ಮನೆಯಲ್ಲಿ ಸುಳ್ಳುಗಾರ. ಒಳ್ಳೇ ಕಥೆಗೆ ಇನ್ನೇನು ಬೇಕು ಹೇಳಿ.

ಇನ್ನು ಅನಾಥ ನಾಯಕನ ವಿಷಯ. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಅಪ್ಪ-ಅಮ್ಮ ಇಬ್ಬರನ್ನೂ ಕೊಂದಿರಿ, ಸರಿ. ಸೋದರಮಾವ ಎಲ್ಲಿ? ದೊಡ್ಡಪ್ಪ ಎಲ್ಲಿ? ಚಿಕ್ಕಮ್ಮ? ನಮ್ಮ ಹಳ್ಳಿಗಳಲ್ಲಿ ತಾಯಿ ತಂದೆ ಇಲ್ಲದ ಮಗುವನ್ನು ಯಾರಾದರೂ ಒಬ್ಬರು ಮನೆಗೆ ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ಪ್ರೀತಿಯಿಂದಲೋ, ಊರವರ ಬಾಯಿಗೆ ಹೆದರಿಯೋ, ದನ ಕಾಯಲು ಒಬ್ಬ ಸಿಕ್ಕ ಎಂಬ ಲೆಕ್ಕದಿಂದಲೋ. ಆ ಕಾರಣದಲ್ಲೇ ನಿಮ್ಮ ಕಥೆ ಇದೆ. ಯಾರೂ ಕರೆದುಕೊಳ್ಳಲಿಲ್ಲ ಅಂದರೆ ಅದಕ್ಕೊಂದು ಬಲವಾದ ಕಾರಣ ಬೇಕು, ಆ ಕಾರಣ ಇನ್ನೂ ದೊಡ್ಡ ಕಥೆ. ಮಯೂರಶರ್ಮ ಕೂಡ ಕಂಚಿಗೆ ಹೋದದ್ದು ಒಬ್ಬನೇ ಅಲ್ಲ, ಅಜ್ಜ ವೀರಶರ್ಮನ ಜೊತೆ.

ಬೊಮ್ಮಿಗೆ ಅಪ್ಪ, ಅಮ್ಮ, ಅಜ್ಜಿ, ಅಮ್ಮನ ಕಡೆಯಿಂದ ಮಾಚ ಮಾವ, ಎಲ್ಲರೂ ಇದ್ದಾರೆ. ಅಪ್ಪನ ಅಪ್ಪ ಕೇತಜ್ಜ ಇಲ್ಲ. ದನಗಳ್ಳರ ಜೊತೆ ಹೊಡೆದಾಡಿ ಸತ್ತ ಎಂದು ಊರೇ ಹೇಳುತ್ತದೆ. ತೋಟದ ತಲೆಯಲ್ಲಿ ಅವನ ಕಲ್ಲು ನಿಂತಿದೆ.

3. ಬಾಕಿ ಹುಡುಕಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ. ಬಾಕಿ ಅಂದರೆ ಹಣದ ಸಾಲವೇ ಆಗಬೇಕಿಲ್ಲ. ಕೊಟ್ಟು ನಡೆಸದ ಮಾತು, ಪಡೆಯಬಾರದಿದ್ದ ಜಮೀನು, ತಪ್ಪಿದ ಹರಕೆ, ಕೇಳದೆ ಬಿಟ್ಟ ಕ್ಷಮೆ ಯಾವುದೂ ಆಗಬಹುದು. ಅದನ್ನು ಮಾಡಿದವರು ಹಿರಿಯರು, ಬಡ್ಡಿ ಕಟ್ಟುವವರು ಮಕ್ಕಳು. ಹಾಗಿರಬೇಕು.

ಬಾಕಿ ಹೇಗಿರುತ್ತದೆ ಎಂದು ತಿಳಿಯಲು ನಮ್ಮ ಜಿಲ್ಲೆಯ ಚರಿತ್ರೆಯನ್ನೇ ನೋಡಿ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳದ ಬುಡದಲ್ಲಿ ಇದ್ದದ್ದು ಒಂದು ಕೊಳಗ. ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. ಗೇಣಿ ಭತ್ತ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ ಎಂಬುದು ಗೇಣಿದಾರರ ದೂರು. ಫ್ಯಾಂಟಸಿ ಬರೆಯುವವರೇ, ಸ್ವಲ್ಪ ನಿಲ್ಲಿ. ಒಂದು ಮನೆಯ ಅಟ್ಟದಲ್ಲಿ ಎರಡು ಕೊಳಗ ಇವೆ. ಒಂದು ಕೊಡಲಿಕ್ಕೆ, ಒಂದು ತೆಗೆದುಕೊಳ್ಳಲಿಕ್ಕೆ. ಆ ಮನೆಯಲ್ಲಿ ಹುಟ್ಟಿದ ಹುಡುಗ ಒಂದು ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾನೆ. ಮಾಂತ್ರಿಕ ಉಂಗುರಕ್ಕಿಂತ ಇದು ಎಷ್ಟೋ ಮೇಲು ಅಲ್ವಾ?

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು. ಶರಾವತಿ ಕಣಿವೆಯ ಊರು, ಗದ್ದೆ, ತೋಟ ನೀರಿನಡಿ ಹೋದವು. ಎದ್ದುಬಂದವರಲ್ಲಿ ಎಷ್ಟೋ ಮನೆಗಳಿಗೆ ಹೊಸ ಜಾಗದ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮೇಲೆ ಕಾಣಿಸುತ್ತದೆ. ಮುಳುಗಿದ ಊರಿನ ಮನೆತನ ಎಂಬ ಎಳೆ ಹಿಡಿದರೆ ಇಡೀ ಸರಣಿ ಬರೆಯಬಹುದು. ಆದರೆ ಎಚ್ಚರ. ಅದನ್ನು ಅನುಭವಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೋವನ್ನು ಬರೀ ಬ್ಯಾಕ್‌ಗ್ರೌಂಡ್ ಚಿತ್ರ ಮಾಡಬೇಡಿ. ಒಬ್ಬರನ್ನಾದರೂ ಕೂತು ಕೇಳಿ.

ಇನ್ನೊಂದು ಕೆಳದಿಯದು. ಕೆಳದಿ ಅರಸುಮನೆತನ ಶುರುಮಾಡಿದ ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರಿಗೆ ನಿಧಿ ಸಿಕ್ಕಿತು, ಅದಕ್ಕೆ ನರಬಲಿ ಬೇಕಾಯಿತು, ಮನೆಯ ಆಳುಗಳಾದ ಯಾದವ, ಮುರಾರಿ ತಾವೇ ಮುಂದೆ ಬಂದು ಪ್ರಾಣ ಕೊಟ್ಟರು ಎಂಬ ಐತಿಹ್ಯ ಇದೆ. ಕೆಳದಿ ಅರಸರ ಬಿರುದಾವಳಿಯಲ್ಲಿ "ಎಡವ ಮುರಾರಿ" (ಎಡವ ಅಂದರೆ ಯಾದವ) ಎಂಬುದು ಸೇರಿದೆ. ರಾಜರು ಪ್ರತಿ ಸಲ ತಮ್ಮ ಬಿರುದು ಹೇಳಿಸಿಕೊಂಡಾಗಲೂ ಸತ್ತ ಆಳುಗಳ ಹೆಸರು ಕೇಳಬೇಕು. ಬಾಕಿ ಅಂದರೆ ಹೀಗಿರಬೇಕು.

ಈಗ ವೀರಗಲ್ಲಿಗೆ ಬರೋಣ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಬರಹ ಇದ್ದರೆ ಕೆಲವೇ ಸಾಲು: ಯಾರ ಮಗ, ಯಾವ ಊರು, ಯಾಕೆ ಸತ್ತ, ಕಲ್ಲು ನಿಲ್ಲಿಸಿದ್ದು ಯಾರು. ತುರುಗೋಳ್ ಎಂದಿದ್ದರೆ ದನಗಳಿಗಾಗಿ ನಡೆದ ಹೊಡೆದಾಟ, ಊರಳಿವು ಎಂದಿದ್ದರೆ ಊರಿನ ಮೇಲೆ ದಾಳಿ. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಜಮೀನಿಗೆ ನೆತ್ತರುಗೊಡಗೆ ಎಂದು ಹೆಸರು. ಜಿಲ್ಲೆಯ ಶಾಸನಗಳನ್ನು ಓದಬೇಕೆಂದರೆ ಎಪಿಗ್ರಾಫಿಯಾ ಕರ್ನಾಟಿಕಾದ ಹಳೇ ಆವೃತ್ತಿಯಲ್ಲಿ 7 ಮತ್ತು 8ನೇ ಸಂಪುಟ ನೋಡಿ.

ನೆತ್ತರುಗೊಡಗೆಯ ಗದ್ದೆಯಲ್ಲಿ ಬೆಳೆದ ಅನ್ನ ಉಂಡು ದೊಡ್ಡವನಾದ ಮೊಮ್ಮಗ ಏನು ಯೋಚಿಸುತ್ತಾನೆ? ಬೊಮ್ಮಿಯ ಕಥೆಯನ್ನು ನಾನು ಕಟ್ಟಿದ್ದು ಇಲ್ಲಿಂದಲೇ. ದನಗಳ್ಳರು ಬಂದ ರಾತ್ರಿ ಕೇತಜ್ಜ ಕಾಡಿಗೆ ಓಡಿಹೋದ. ಅವನ ಕಂಬಳಿ ಹೊದ್ದು ನಿಂತು ಹೊಡೆದಾಡಿದವನು ಬೇರೊಬ್ಬ. ಊರಿಗೆ ಹೊಸಬ, ಅವನ ಹೆಸರು ಯಾರಿಗೂ ಗೊತ್ತಿಲ್ಲ. ಮುಖ ಗುರುತು ಸಿಗದ ಹೆಣಕ್ಕೆ ಕಂಬಳಿ ನೋಡಿ ಊರವರು ಕೇತನ ಹೆಸರಿಟ್ಟರು. ಕಲ್ಲು ನಿಲ್ಲಿಸಿದರು, ಮನೆಗೆ ತೋಟ ಕೊಟ್ಟರು. ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಕೇತಜ್ಜ ವಾಪಸ್ ಬಂದ. ಬದುಕಿದ್ದೇನೆ ಎಂದರೆ ಮಾನವೂ ಹೋಗುತ್ತದೆ, ತೋಟವೂ ಹೋಗುತ್ತದೆ. ಅಜ್ಜಿ ಅವನನ್ನು ಅಟ್ಟ ಹತ್ತಿಸಿದಳು.

ಎಡವುವ ಜಾಗ: ಬಾಕಿಯನ್ನು ಖಳನ ಲೆಕ್ಕಕ್ಕೆ ಬರೆಯುವುದು. "ದುಷ್ಟ ರಾಜ ನಮ್ಮ ಮನೆತನಕ್ಕೆ ಅನ್ಯಾಯ ಮಾಡಿದ" ಎಂಬುದು ಸೇಡು. ಸೇಡಿನ ಕಥೆಯಲ್ಲಿ ನಾಯಕ ಹೊರಗಿನವರನ್ನು ಮಾತ್ರ ನೋಡುತ್ತಾನೆ. ಸ್ವಂತ ಮನೆಯವರದ್ದೂ ಒಂದು ಪಾಲು ಇರಲಿ. ಆಗ ಅವನು ಊಟದ ಎಲೆ ಮುಂದೆ ಕೂತಾಗಲೂ ಕಥೆ ನಡೆಯುತ್ತದೆ.

4. ಅದ್ಭುತಕ್ಕೆ ಒಂದು ನಿಯಮ

ಶಕ್ತಿ ಎಲ್ಲಿಂದ ಬಂತು, ಅದಕ್ಕೆ ಬೆಲೆ ಏನು, ಅದು ಯಾವಾಗ ನಡೆಯುವುದಿಲ್ಲ? ಮೂರಕ್ಕೂ ಒಂದೊಂದು ಸಾಲಿನ ಉತ್ತರ ಬರೆದಿಡಿ.

ಹೊಸನಗರ ತಾಲ್ಲೂಕಿನ ಹೊಂಬುಜದ ಐತಿಹ್ಯದಲ್ಲಿ ಜಿನದತ್ತ ಎಂಬ ರಾಜಕುಮಾರ ಅಪ್ಪನಿಂದ ಜೀವ ಉಳಿಸಿಕೊಳ್ಳಲು ಉತ್ತರದಿಂದ ಓಡಿಬರುತ್ತಾನೆ. ಜೊತೆಗೆ ಪದ್ಮಾವತಿ ದೇವಿಯ ಮೂರ್ತಿ. ಲಕ್ಕಿ ಗಿಡದ ಕೆಳಗೆ ಮಲಗಿದಾಗ ದೇವಿಯ ಅಪ್ಪಣೆಯಾಗುತ್ತದೆ, ಮೂರ್ತಿಗೆ ತಾಗಿಸಿದ ಕಬ್ಬಿಣ ಚಿನ್ನವಾಗುತ್ತದೆ. ಇಲ್ಲಿ ಶಕ್ತಿ ಹುಡುಗನ ಮೈಯಲ್ಲಿಲ್ಲ. ದೇವಿಯಲ್ಲಿದೆ, ಅವಳು ಒಲಿದಿರುವಷ್ಟು ಕಾಲ ಇದೆ. ಮುನಿದರೆ ಕಬ್ಬಿಣ ಕಬ್ಬಿಣವೇ. ಹೀಗಿದ್ದರೆ ನಾಯಕನಿಗೆ ಸದಾ ಒಂದು ಅಳುಕು ಇರುತ್ತದೆ. "ಹುಟ್ಟಿನಿಂದಲೇ ಅಪಾರ ಶಕ್ತಿ" ಎಂದರೆ ಆ ಅಳುಕಿಗೆ ಜಾಗವೇ ಇಲ್ಲ.

ಹೆಮ್ಮಳೆ ಸೀಮೆಯ ನಿಯಮ ಇದು: ಯಾರ ಹೆಸರಿಗೆ ಕಲ್ಲು ನಿಂತಿದೆಯೋ ಅವರನ್ನು ಸಾವು ಮತ್ತೆ ಹುಡುಕಿಕೊಂಡು ಬರುವುದಿಲ್ಲ. ಯಾರಿಗೆ ಕಲ್ಲಿಲ್ಲವೋ ಅವರು ದಾರಿ ತಿಳಿಯದೆ ಮಳೆಯಲ್ಲೇ ಅಲೆಯುತ್ತಾರೆ. ಹಾಗಾಗಿ ಕೇತಜ್ಜ ಅಟ್ಟದಲ್ಲಿ ಮುದಿಯಾಗುತ್ತಲೇ ಇದ್ದಾನೆ, ಸಾಯುತ್ತಿಲ್ಲ. ಅವನ ಬದಲು ಸತ್ತವನು ಪ್ರತಿ ಮಳೆಗಾಲದಲ್ಲೂ ತೋಟದ ದಣಪೆಯವರೆಗೆ, ಅಂದರೆ ಬೇಲಿಯ ಬಾಗಿಲವರೆಗೆ, ಬಂದು ನಿಲ್ಲುತ್ತಾನೆ. ನೋಡಿ, ನಿಯಮ ಒಂದೇ. ಬಾಕಿಯೂ ಅದಕ್ಕೇ ಹೊಂದಿಕೊಂಡಿತು, ಬೊಮ್ಮಿ ಮುಂದೆ ಮಾಡಬೇಕಾದ ಕೆಲಸವೂ ಅದರಿಂದಲೇ ಹುಟ್ಟಿತು. ಆ ಹೊಸಬನ ಹೆಸರು ಹುಡುಕಿ ಕಲ್ಲು ನಿಲ್ಲಿಸಿದರೆ ಅಜ್ಜ ಸಾಯುತ್ತಾನೆ, ತೋಟ ಹೋಗುತ್ತದೆ. ನಿಲ್ಲಿಸದಿದ್ದರೆ?

ಚೌಡಿ, ಭೂತರಾಯ, ಜಟಿಗ, ನಾಗರ ಬನ ಇವನ್ನೆಲ್ಲ ಕಥೆಗೆ ತರುವ ಆಸೆ ಸಹಜ. ತನ್ನಿ. ಆದರೆ ಇವು ಜನ ಈಗಲೂ ನಡೆದುಕೊಳ್ಳುವ ದೈವಗಳು. ನಾಯಕ ಬಂದು ಕತ್ತಿಯಿಂದ ಕಡಿದುಹಾಕುವ ರಾಕ್ಷಸನ ಪಾತ್ರಕ್ಕೆ ಹಾಕಬೇಡಿ. ದೈವಕ್ಕೂ ಮನೆಗೂ ಇರುವ ಕೊಡು-ಕೊಳ್ಳುವ ಲೆಕ್ಕವನ್ನು ಇಟ್ಟುಕೊಂಡು, ಹೆಸರು ಬದಲಿಸಿ. ಕಥೆಗೆ ಅಷ್ಟೇ ಬೇಕಾಗಿರುವುದು.

5. ಬಾಲ್ಯದಿಂದ ಮೂರೇ ದೃಶ್ಯ

ಹುಟ್ಟಿನಿಂದ ಹದಿನಾರರವರೆಗೆ ವರ್ಷ ವರ್ಷ ಬರೆಯಬೇಡಿ. ಮೂರು ದೃಶ್ಯ ಆರಿಸಿ. ಮೊದಲನೆಯದು ಏನೂ ಅರ್ಥವಾಗದ ವಯಸ್ಸಿನದು, ಎರಡನೆಯದು ಅರ್ಧ ಅರ್ಥವಾಗುವ ವಯಸ್ಸಿನದು, ಮೂರನೆಯದು ಎಲ್ಲ ಅರ್ಥವಾಗಿಯೂ ಬಾಯಿ ಬಿಡಲಾಗದ ವಯಸ್ಸಿನದು. ಮೂರರಲ್ಲೂ ಒಂದೇ ವಸ್ತು ಇರಲಿ. ಬೊಮ್ಮಿಗೆ ಆ ವಸ್ತು ಒಂದು ಊಟದ ತಟ್ಟೆ.

ಐದು ವರ್ಷ: ರಾತ್ರಿ ಎಲ್ಲರ ಊಟ ಆದ ಮೇಲೆ ಅಜ್ಜಿ ಒಂದು ತಟ್ಟೆಗೆ ಅನ್ನ ಹಾಕಿ ಅಟ್ಟದ ಮೆಟ್ಟಿಲ ಮೇಲಿಡುತ್ತಾಳೆ. "ಮನೆ ಭೂತಕ್ಕೆ" ಎನ್ನುತ್ತಾಳೆ. ಬೆಳಿಗ್ಗೆ ತಟ್ಟೆ ಖಾಲಿ. ಬೊಮ್ಮಿಗೆ ಭೂತದ ಮೇಲೆ ಹೆದರಿಕೆ, ಜೊತೆಗೆ ಸ್ವಲ್ಪ ಹೆಮ್ಮೆ. ಬೇರೆಯವರ ಮನೆಯ ಭೂತ ವರ್ಷಕ್ಕೊಮ್ಮೆ ಉಣ್ಣುತ್ತದೆ, ತಮ್ಮದು ದಿನಾ ಉಣ್ಣುತ್ತದೆ.

ಒಂಬತ್ತು ವರ್ಷ: ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ. ನಮ್ಮಲ್ಲಿ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಿಂದ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ತುಂಬಿ ನಸುಕಿನಲ್ಲಿ ಗದ್ದೆಗೆ ಒಯ್ಯುತ್ತಾರೆ. ಬಸಿರಾದ ಭೂಮಿಗೆ ಬಯಕೆಯ ಊಟ ಅದು. ಹೆಮ್ಮಳೆ ಸೀಮೆಯಲ್ಲೂ ಅಂಥದೊಂದು ಹಬ್ಬ ಇದೆ ಎಂದಿಟ್ಟುಕೊಳ್ಳಿ. ರಾತ್ರಿಯಿಡೀ ಅಡುಗೆ. ಎಲ್ಲರೂ ಗದ್ದೆಗೆ ಹೊರಡುವ ಹೊತ್ತಿಗೆ ಅಜ್ಜಿ ಮೆಟ್ಟಿಲ ಮೇಲೆ ತಟ್ಟೆ ಇಡುವುದನ್ನು ಮರೆಯುತ್ತಾಳೆ. ಅಟ್ಟದ ಮೇಲಿಂದ ಒಂದು ಕೆಮ್ಮು ಕೇಳಿಸುತ್ತದೆ. ಭೂತ ಕೆಮ್ಮುತ್ತದಾ?

ಹದಿನಾಲ್ಕು ವರ್ಷ: ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ತಟ್ಟೆ ಇಡುವ ಕೆಲಸ ಬೊಮ್ಮಿಗೆ ಬಂದಿದೆ. ಅವಳೀಗ ಅನ್ನದ ಮೇಲೆ ಮೀನಿನ ಮುಳ್ಳು ಬಿಡಿಸಿ ಹಾಕುತ್ತಾಳೆ, ಹಲ್ಲಿಲ್ಲದವರಿಗೆ ಹಾಕಿದ ಹಾಗೆ. ಅವಳಿಗೆ ಗೊತ್ತಾಗಿದೆ ಎಂದು ನೀವು ಬೇರೆ ಹೇಳುವುದು ಬೇಡ.

ಎಡವುವ ಜಾಗ: ದೃಶ್ಯದ ಕೊನೆಗೆ "ಅಂದೇ ಅವಳು ನಿರ್ಧರಿಸಿದಳು" ಎಂದು ಬರೆಯುವುದು. ಒಂಬತ್ತು ವರ್ಷದ ಮಕ್ಕಳು ಏನನ್ನೂ ನಿರ್ಧರಿಸುವುದಿಲ್ಲ. ನಿದ್ದೆ ಬಂದು ಮಲಗುತ್ತಾರೆ.

6. ಹೆಸರು, ಕರೆಯುವ ರೀತಿ

ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ನಾಲಿಗೆ ತಿರುಗದ ಹೆಸರು ಬೇಡ, ಹಿಂದಿ ಸೀರಿಯಲ್ಲಿನ ಹೆಸರೂ ಬೇಡ. ಹಳೇ ಶಾಸನಗಳಲ್ಲಿ ಬೊಮ್ಮ, ಮಾಚ, ಕೇತ, ಬೀರ, ಮಾರ ಇಂಥ ಹೆಸರು ಬೇಕಾದಷ್ಟಿವೆ. ಚಿಕ್ಕದು, ಗಟ್ಟಿ, ಕೂಗಲು ಸುಲಭ.

ಹೆಸರಿಗಿಂತ ಮುಖ್ಯ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬುದು. ಮಾಚ ಮಾವ ಬೊಮ್ಮಿಯನ್ನು "ಹೆಣೆ" ಎನ್ನುತ್ತಾನಾ, "ಮಗಾ" ಎನ್ನುತ್ತಾನಾ? ಸಿಟ್ಟು ಬಂದಾಗ ಅಪ್ಪ ಪೂರ್ತಿ ಹೆಸರು ಹಿಡಿದು ಕೂಗುತ್ತಾನಾ? ಅಜ್ಜಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದೇ ಇಲ್ಲ, "ಅವರು" ಎನ್ನುತ್ತಾಳೆ. ಸತ್ತವನ ಬಗ್ಗೆ ಹೇಳುವಾಗ ಒಮ್ಮೆ ಬಾಯಿ ತಪ್ಪಿ "ಅವರಿಗೆ ಉಪ್ಪು ಜಾಸ್ತಿ ಆಗಲ್ಲ" ಎಂದುಬಿಡುತ್ತಾಳೆ. "ಆಗ್ತಿರಲಿಲ್ಲ" ಎನ್ನಬೇಕಿತ್ತು. ಇಂಥ ಒಂದು ಮಾತು ಒಂದು ಪುಟದ ವಿವರಣೆ ಉಳಿಸುತ್ತದೆ.

7. ಎಷ್ಟು ಹೇಳಬೇಕು, ಎಲ್ಲಿ ಹೇಳಬೇಕು

ನೋಟ್‌ಬುಕ್ಕಿನಲ್ಲಿ ಬರೆದದ್ದರಲ್ಲಿ ಮುಕ್ಕಾಲು ಪಾಲು ಕಥೆಗೆ ಬರುವುದಿಲ್ಲ. ಬರಬಾರದು ಕೂಡ. ಬರೆದದ್ದು ವ್ಯರ್ಥ ಅಂತ ಬೇಜಾರಾಗಬೇಡಿ. ಪಾತ್ರ ಎಲ್ಲಿ ಹಿಂಜರಿಯುತ್ತದೆ, ಎಲ್ಲಿ ಸುಳ್ಳು ಹೇಳುತ್ತದೆ ಎಂದು ನಿಮಗೆ ಗೊತ್ತಾಗುವುದು ಅದರಿಂದಲೇ.

ಇನ್ಫೋಡಂಪ್ ಎಂಬ ಮಾತು ಕೇಳಿರುತ್ತೀರಿ. ಓದುಗರ ತಲೆ ಮೇಲೆ ಮಾಹಿತಿಯನ್ನು ಒಮ್ಮೆಲೇ ಸುರಿಯುವುದು ಅಂತ ಅರ್ಥ. ಫ್ಯಾಂಟಸಿಯಲ್ಲಿ ಇದು ಹೆಚ್ಚಾಗಿ ಪ್ರೊಲಾಗ್‌ನಲ್ಲಿ, ಅಂದರೆ ಮೊದಲ ಅಧ್ಯಾಯಕ್ಕೂ ಮುಂಚಿನ ಪುಟಗಳಲ್ಲಿ ಆಗುತ್ತದೆ. "ನೀನು ಕಟ್ಟಿದ ಲೋಕದ ಚರಿತ್ರೆ ಚೆನ್ನಾಗಿದೆ, ಕಥೆ ಯಾವಾಗ ಶುರು?" ಎಂದು ನಿಮ್ಮ ಗೆಳತಿ ಕೇಳಿದಳು ಅಂದರೆ ಅಲ್ಲೇ ತಪ್ಪಾಗಿದೆ.

ಮಲೆನಾಡಿನವರಿಗೆ ಇದಕ್ಕೆ ಮದ್ದು ಮನೆಯಲ್ಲೇ ಇದೆ. ಅಡಿಕೆ ಸುಲಿಯುವ ರಾತ್ರಿ. ಕೊಯ್ಲಿನ ದಿನಗಳಲ್ಲಿ ಅಂಗಳದಲ್ಲೋ ಜಗಲಿಯಲ್ಲೋ ಹಸಿ ಅಡಿಕೆ ರಾಶಿ ಹಾಕಿಕೊಂಡು, ಮಣೆಯ ಮೇಲೆ ಕೂತು ಮೆಟ್ಟುಗತ್ತಿಗೆ ಒಂದೊಂದೇ ಕಾಯಿ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಅಕ್ಕಪಕ್ಕದ ಮನೆಯವರೂ ಬಂದಿರುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಅಡಿಕೆಯ ಕರೆ ಹತ್ತಿ ಬೆರಳೆಲ್ಲ ಕಪ್ಪಾಗಿರುತ್ತದೆ, ಎಷ್ಟು ತಿಕ್ಕಿದರೂ ಬೇಗ ಹೋಗುವುದಿಲ್ಲ. ಯಾರೋ ಹಳೇ ವಿಷಯ ತೆಗೆಯುತ್ತಾರೆ. ಇನ್ನೊಬ್ಬರು "ಅದು ಹಾಗಲ್ಲ" ಎಂದು ತಿದ್ದುತ್ತಾರೆ. ಅಷ್ಟರಲ್ಲಿ ಮನೆಯ ಯಜಮಾನಿ "ಮಕ್ಕಳು ಇದ್ದಾರೆ, ಸಾಕು" ಎಂದು ಮಾತು ಮುರಿಯುತ್ತಾಳೆ. ಮನೆತನದ ಕಥೆ ಓದುಗರಿಗೆ ತಲುಪಬೇಕಾದದ್ದು ಹೀಗೆ: ತುಂಡು ತುಂಡಾಗಿ, ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುತ್ತಾ, ಮುಖ್ಯವಾದದ್ದು ಬರುವ ಹೊತ್ತಿಗೆ ನಿಂತು. ನಿಮ್ಮ ಲೋಕದಲ್ಲಿ ಅಡಿಕೆ ಇಲ್ಲದಿದ್ದರೆ ಜನ ಕೂತು ಮಾಡುವ ಇನ್ನೊಂದು ಕೆಲಸ ಕೊಡಿ.

ಕೊನೆಯದಾಗಿ, ನಾಯಕ ಮನೆ ಬಿಡುವ ದೃಶ್ಯ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಅವನು ಹೋದ ಮಾರನೇ ದಿನ ಆ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ? ಬೊಮ್ಮಿ ಹೊರಟರೆ ಗೊನೆಯ ಹಗ್ಗ ಹಿಡಿಯುವವರಿಲ್ಲ, ಅಟ್ಟಕ್ಕೆ ತಟ್ಟೆ ಇಡುವವರಿಲ್ಲ. ನಿಮ್ಮ ನಾಯಕ ಹೋದರೆ ಯಾವ ಕೆಲಸವೂ ನಿಲ್ಲುವುದಿಲ್ಲ ಅಂತಾದರೆ ಅವನು ಆ ಮನೆಯಲ್ಲಿ ಬೆಳೆದೇ ಇಲ್ಲ. ಒಂದನೇ ಹಂತಕ್ಕೆ ಹಿಂತಿರುಗಿ.

ಒಂದು ಉಳಿದ ಪ್ರಶ್ನೆ

"ನನ್ನ ನಾಯಕ ರಾಜಕುಮಾರ, ಅರಮನೆಯಲ್ಲಿ ಇದೆಲ್ಲ ಹೇಗೆ?" ಎಂದು ಕೇಳುವವರೂ ಇದ್ದಾರೆ. ಕ್ರಮ ಅದೇ. ಅರಮನೆಯೂ ಒಂದು ಮನೆ, ಅಲ್ಲೂ ಯಾರೋ ಸೌದೆ ತರಬೇಕು. ಕೆಳದಿಯ ಚೆನ್ನಮ್ಮನನ್ನೇ ನೋಡಿ. ಮೊಘಲರ ದಂಡು ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಎಂದು ಎಲ್ಲರೂ ಅವಳನ್ನು ನೆನೆಯುತ್ತಾರೆ. ಅವಳು ಹುಟ್ಟಿದ್ದು ರಾಜರ ಮನೆಯಲ್ಲಲ್ಲ, ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳಾಗಿ ಎನ್ನುತ್ತಾರೆ. ಸೋಮಶೇಖರ ನಾಯಕನನ್ನು ಮದುವೆಯಾಗಿ ಅರಮನೆಗೆ ಬಂದವಳು. ಮಕ್ಕಳಿಲ್ಲದೆ ಬಸಪ್ಪನಾಯಕನನ್ನು ದತ್ತು ತೆಗೆದುಕೊಂಡಳು. ಅಂಥ ಒಬ್ಬ ಹುಡುಗಿ ನಿಮ್ಮ ಕಲ್ಪನೆಯ ಅರಮನೆಗೆ ಕಾಲಿಟ್ಟರೆ ಮೊದಲು ಏನನ್ನು ನೋಡುತ್ತಾಳೆ? ಸಿಂಹಾಸನವನ್ನೋ, ಉಗ್ರಾಣದ ಲೆಕ್ಕದ ಕಡತವನ್ನೋ? ಅದನ್ನು ತೀರ್ಮಾನಿಸಿ ಮೊದಲ ಸಾಲು ಬರೆಯಿರಿ.